ಎಡಗಡೆ ಸೀಟಿನ ದಾರ

ಗೌರಿಬಿದನೂರು
2-3-1959

ಶಿಡ್ಲಘಟ್ಟದ ಜಟಕಾ ಹುಡ್ ಖಾಜಾ ಪೀರ್ ಸಾಹೇಬರಿಗೆ,

ನಾನು ಕೆಂಚಾರ್ಲಹಳ್ಳಿ ಮುನಿಶಾಮಪ್ಪನವರ ಮಗ ನರಸಿಂಹಪ್ಪ. ನಮ್ಮ ಮನೆಯ ಜಟಕಾಕ್ಕೆ ಹುಡ್ ಹಾಕಿದವರು ನೀವೇ. ನಾನೀಗ ಗೌರಿಬಿದನೂರಿನಲ್ಲಿ ಪಂಪು ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ.

ಮೂರು ವರ್ಷ ಕೂತು ಒಂದು ಕಾರು ಕಟ್ಟಿದ್ದೇನೆ. ಚಾಸಿ ಹಳೆಯ ಆಸ್ಟಿನ್ನಿನದು. ಮೈಯೆಲ್ಲ ಮಿಲಿಟರಿ ಹರಾಜಿನಲ್ಲಿ ತಂದ ಅಲ್ಯೂಮಿನಿಯಂ ತಗಡು. ಎರಡೇ ಸೀಟು, ಎತ್ತರ ನನ್ನ ಸೊಂಟದಷ್ಟು. ಇಂಥದಕ್ಕೆ ಸ್ಪೋರ್ಟ್ಸ್ ಕಾರು ಎನ್ನುತ್ತಾರೆ. ಇದಕ್ಕೆ ಮಡಿಸಿ ಹಿಂದಕ್ಕೆ ಹಾಕುವಂಥ ಕ್ಯಾನ್ವಾಸ್ ಹುಡ್ ಬೇಕು. ಬೆಂಗಳೂರಿನಲ್ಲಿ ಕೇಳಿದರೆ, "ಕಂಪನಿ ಕಾರಾದ್ರೆ ಮಾಡ್ತೀವಿ, ಇದು ಯಾವ ಜಾತಿ ಸ್ವಾಮಿ?" ಎಂದು ನಕ್ಕರು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ತಂದೆಯ ಜಟಕಾಕ್ಕೆ ಕಟ್ಟಿದಂತೆ ಕಟ್ಟಬೇಡಿ. ಹುಡ್ ತಗ್ಗಾಗಿರಬೇಕು. ಇಂಜಿನ್ ಬಿಚ್ಚಿಟ್ಟಿರುವುದರಿಂದ ಕಾರನ್ನು ಅಲ್ಲಿಗೆ ತರಲಾಗುವುದಿಲ್ಲ. ಇಂಚಿನ ಲೆಕ್ಕದಲ್ಲಿ ನಕ್ಷೆ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಅದರಂತೆ ಕಮಾನು, ಕ್ಯಾನ್ವಾಸು ಎರಡೂ ನೀವೇ ಮಾಡಿ ಬಸ್ಸಿಗೆ ಹಾಕಿ.

ಇತಿ,
ನರಸಿಂಹಪ್ಪ


ಶಿಡ್ಲಘಟ್ಟ
9-3-1959

ಮುನಿಶಾಮಪ್ಪನವರ ಮಗ ನರಸಿಂಹಪ್ಪನವರಿಗೆ ಖಾಜಾ ಪೀರ್ ಮಾಡುವ ಸಲಾಮು.

ನಿಮ್ಮನ್ನು ಮರೆತಿಲ್ಲ. ಜಟಕಾದ ಅಳತೆಗೆ ನಾನು ನಿಮ್ಮ ಮನೆಗೆ ಬಂದಾಗ ನಿಮಗೆ ನಾಲ್ಕು ವರ್ಷವಿರಬೇಕು. ನನ್ನ ಟಿಚ್ ಗುಂಡಿಗಳ ಡಬ್ಬಿಯನ್ನು ಬೋರಲು ಹಾಕಿದಿರಿ. ನಾನು, ನಿಮ್ಮ ತಂದೆ ಇಬ್ಬರೂ ಮಂಡಿಯೂರಿ ಮಣ್ಣಿನಲ್ಲಿ ಹುಡುಕಿದೆವು. ನಿಮ್ಮ ತಂದೆಯ ರುಮಾಲು ಮಾತ್ರ ಕೂದಲೆಳೆಯಷ್ಟೂ ಓರೆಯಾಗಲಿಲ್ಲ, ಅದು ನನಗೆ ಇಂದಿಗೂ ನೆನಪಿದೆ.

ನಕ್ಷೆ ವಾಪಸು ಕಳಿಸಿದ್ದೇನೆ. ಇಂಚುಪಟ್ಟಿ ಸೀಟನ್ನು ಅಳೆಯುತ್ತದೆ, ಕೂತವರನ್ನು ಅಳೆಯುವುದಿಲ್ಲ. ನಮ್ಮ ತಂದೆ ನನಗೆ ಕಲಿಸಿದ್ದು ದಾರದ ಅಳತೆ. ಸೀಟಿಗೆ ಒಂದರಂತೆ ಎರಡು ದಾರ ತೆಗೆದುಕೊಳ್ಳಿ. ಆಯಾ ಸೀಟಿನಲ್ಲಿ ಕೂರುವವರನ್ನೇ ಕೂರಿಸಿ. ಬೆನ್ನು ನೆಟ್ಟಗಿರಬೇಕು. ಟೋಪಿ ಹಾಕುವವರಾದರೆ ಟೋಪಿ ಹಾಕಿಕೊಂಡು, ರುಮಾಲು ಕಟ್ಟುವವರಾದರೆ ರುಮಾಲು ಕಟ್ಟಿಕೊಂಡು ಕೂರಲಿ. ಸೀಟಿನ ಹಲಗೆಯಿಂದ ನೆತ್ತಿಯವರೆಗೆ ದಾರ ಹಿಡಿದು ಅಲ್ಲಿ ಗಂಟು ಹಾಕಿ. ಆ ಗಂಟಿಗೆ ನಾನು ಹೊಲಿಯುತ್ತೇನೆ. ಎಡಗಡೆ ಯಾರು ಕೂರುತ್ತಾರೆ ಎಂಬುದನ್ನೂ ಬರೆಯಿರಿ. ಹೆಂಗಸರಾದರೆ ತುರುಬಿಗೆ ಬೇರೆ ಲೆಕ್ಕವಿದೆ.

ಕಾರಿಗೆ ನಾನು ಇದುವರೆಗೆ ಹುಡ್ ಮಾಡಿಲ್ಲ. ಊರಿನಲ್ಲಿ ಜಟಕಾಗಳು ಈಗ ಏಳೇ ಉಳಿದಿವೆ. ಇದನ್ನು ನೋಡಿದವರು ಯಾರು ಮಾಡಿದ್ದು ಎಂದು ಕೇಳುವ ಹಾಗೆ ಮಾಡುತ್ತೇನೆ.

ಖಾಜಾ ಪೀರ್


ಗೌರಿಬಿದನೂರು
19-3-1959

ಖಾಜಾ ಪೀರ್ ಸಾಹೇಬರಿಗೆ,

ಸಾವಿರದೊಂಬೈನೂರ ಐವತ್ತೊಂಬತ್ತನೇ ಇಸವಿಯಲ್ಲಿ ದಾರ ಹಿಡಿದು ಕಾರು ಅಳೆಯುವ ಮನುಷ್ಯನನ್ನು ಮೊದಲ ಸಲ ಕಂಡೆ. ನಕ್ಷೆ ಬರೆಯಲು ನನಗೆ ಎರಡು ಭಾನುವಾರ ಹಿಡಿದಿತ್ತು. ಇರಲಿ, ಬೇರೆ ಗತಿಯಿಲ್ಲ, ನಿಮ್ಮ ಹಟವೇ ಗೆದ್ದಿತು.

ಎರಡು ದಾರಕ್ಕೂ ಗಂಟು ಹಾಕಿ, ಬಲಗಡೆ, ಎಡಗಡೆ ಎಂದು ಚೀಟಿ ಕಟ್ಟಿದ್ದೇನೆ. ನಮ್ಮ ಅಮ್ಮ ಅಮ್ಮಾಜಮ್ಮ ನನ್ನನ್ನು ನೋಡಲು ಬಂದಿದ್ದಳು. ಊರಿಗೆ ಹೋಗುವಾಗ ಶಿಡ್ಲಘಟ್ಟದಲ್ಲೇ ಬಸ್ಸು ಬದಲಾಯಿಸುತ್ತಾಳೆ. ದಾರ, ಪತ್ರ ಎರಡನ್ನೂ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ.

ಎಡಗಡೆ ಯಾರು ಕೂರುತ್ತಾರೆ ಎಂದು ಕೇಳಿದ್ದೀರಿ. ಅದು ನಿಮ್ಮ ಕೆಲಸಕ್ಕೆ ಸಂಬಂಧಪಟ್ಟದ್ದಲ್ಲ. ಗಂಟು ಎಲ್ಲಿದೆಯೋ ಅಲ್ಲಿಗೆ ಹೊಲಿಯಿರಿ, ಒಂದು ಬೆರಳು ಆಚೆಗೂ ಬೇಡ, ಈಚೆಗೂ ಬೇಡ.

ನರಸಿಂಹಪ್ಪ


ಶಿಡ್ಲಘಟ್ಟ
16-4-1959

ನರಸಿಂಹಪ್ಪನವರಿಗೆ ಸಲಾಮು.

ಇವತ್ತಿನ ಮಧ್ಯಾಹ್ನದ ಬಸ್ಸಿನ ಮೇಲೆ ಹುಡ್ ಹಾಕಿದ್ದೇನೆ. ಮೂರು ಕಮಾನು, ಕಬ್ಬಿಣದ್ದು, ಕುಲುಮೆಯ ಮುಂದೆ ನಾನೇ ನಿಂತು ಬಗ್ಗಿಸಿದೆ. ಕ್ಯಾನ್ವಾಸು ಖಾಕಿ, ಎರಡು ಪದರ. ಅಂಚಿಗೆ ಚರ್ಮದ ಪಟ್ಟಿ. ಟಿಚ್ ಗುಂಡಿ ಇಪ್ಪತ್ತೆರಡು. ಈ ಸಲ ಯಾರೂ ಡಬ್ಬಿ ಬೋರಲು ಹಾಕಲಿಲ್ಲ.

ನಿಮ್ಮ ಮೊದಲ ಪತ್ರ ಓದಿ ನಿಮ್ಮ ವಿಷಯದಲ್ಲಿ ನನ್ನ ಮನಸ್ಸು ಕೆಟ್ಟಿತ್ತು. ಹೆತ್ತವರ ಗಾಡಿಯನ್ನು ಹಳಿಯುವ ಮಗ ಎಂದುಕೊಂಡೆ. ಎಡಗಡೆ ಸೀಟಿನ ದಾರ ಬಿಚ್ಚಿ ಗಂಟು ನೋಡಿದಾಗ ಅದು ಹೋಯಿತು. ಪತ್ರದಲ್ಲಿ ಏನು ಬರೆದರೇನು, ಕೈ ಸರಿಯಾಗಿ ಅಳೆದಿದೆ. ನಲವತ್ತು ವರ್ಷ ಇದೇ ಕಸುಬು ಮಾಡಿದವನಿಗೆ ಇಂಥ ಗಂಟು ಗೊತ್ತಾಗುತ್ತದೆ. ಹೆಚ್ಚಿಗೆ ಬರೆಯುವುದಿಲ್ಲ.

ದೊಡ್ಡವರಿಗೆ ನನ್ನ ಸಲಾಮು ತಿಳಿಸಿ.

ಖಾಜಾ ಪೀರ್


ಗೌರಿಬಿದನೂರು
27-4-1959

ಖಾಜಾ ಪೀರ್ ಸಾಹೇಬರೇ,

ನನ್ನ ಅಳತೆಯನ್ನು ಹೊಗಳಿ ಬರೆದಿರಿ. ಓದಿ ಹಿಗ್ಗಿದೆ. ಆಮೇಲೆ ಗೋಣಿ ಬಿಚ್ಚಿದೆ.

ಏನಿದು? ಯಾವ ಆನೆಗೆ ಹೊಲಿದಿರಿ? ನಾನು ಸೀಟಿನಲ್ಲಿ ಕೂತರೆ ನನ್ನ ತಲೆಯ ಮೇಲೆ ಒಂದು ಕೊಡಪಾನ ಇಡುವಷ್ಟು ಜಾಗ ಉಳಿಯುತ್ತದೆ. ಮೂರು ವರ್ಷ ತಗಡು ಬಡಿದು ಬಡಿದು ಮೂತಿಯಿಂದ ಬಾಲದವರೆಗೆ ಒಂದೇ ಗೆರೆ ತಂದಿದ್ದೆ. ಅದರ ಮೇಲೆ ನೀವು ಬೇಕೆಂದೇ ಜಟಕಾ ಕೂರಿಸಿದಿರಿ.

ಭಾನುವಾರ ಮಂಚೇನಹಳ್ಳಿಯವರೆಗೆ ಓಡಿಸಿಕೊಂಡು ಹೋದೆ. ಹೋಟೆಲಿನ ಬಯ್ಯಪ್ಪ ನನಗೆ ಚಿಕ್ಕಂದಿನಿಂದ ಪರಿಚಯ. ಹೊರಗೆ ಬಂದು, ಕಾರಿನ ಸುತ್ತ ಒಂದು ಸುತ್ತು ಹಾಕಿ, "ಸ್ವಾಮೀ, ಸ್ಟೇಷನ್ನಿಗೆ ಎಷ್ಟು ತಗೋತೀರಿ? ಕುದುರೆ ಒಳಗೈತಾ?" ಅಂದ. ಬೆಂಚಿನ ಮೇಲಿದ್ದವರೆಲ್ಲ ಕಾಫಿ ಚೆಲ್ಲಿಕೊಂಡು ನಕ್ಕರು. ಕಾಫಿ ಕುಡಿಯದೆ ವಾಪಸು ಬಂದೆ.

ಹುಡ್ ಬಸ್ಸಿಗೆ ಹಾಕಿದ್ದೇನೆ. ಆರು ಬೆರಳು ತಗ್ಗಿಸಿ ಕಳಿಸಿ. ನಿಮಗೆ ಜಟಕಾ ಬಿಟ್ಟು ಬೇರೆ ಬರುವುದಿಲ್ಲವೆಂದರೆ ಮೊದಲೇ ಹೇಳಬಹುದಿತ್ತು.

ನರಸಿಂಹಪ್ಪ


ಶಿಡ್ಲಘಟ್ಟ
4-5-1959

ನರಸಿಂಹಪ್ಪ,

ಇಷ್ಟು ದಿನ ನೀವು ಎಂದು ಬರೆದೆ. ಇವತ್ತು ನೀನು ಎನ್ನುತ್ತೇನೆ. ನಿನ್ನನ್ನು ಎತ್ತಿ ಆಡಿಸಿದ್ದೇನೆ, ಆ ಹಕ್ಕು ನನಗಿದೆ.

ನನಗೆ ಜಟಕಾ ಬಿಟ್ಟು ಬೇರೆ ಬರುವುದಿಲ್ಲವೆಂದೆ. ಆಯಿತು, ನುಂಗಿಕೊಂಡೆ. ಬೇಕೆಂದೇ ಮಾಡಿದಿರಿ ಎಂದೆ. ಅದನ್ನು ನುಂಗುವುದಿಲ್ಲ. ನೀನು ಕಳಿಸಿದ ಎರಡು ದಾರಗಳೂ ನನ್ನ ಅಂಗಡಿಯ ಮೊಳೆಗೆ ನೇತುಬಿದ್ದಿವೆ. ಬಂದು ನೋಡು. ಬಲಗಡೆಯದು ಗಿಡ್ಡ, ಎಡಗಡೆಯದು ಆರು ಬೆರಳು ಉದ್ದ. ಉದ್ದದ್ದು ಯಾವುದೋ ಅದಕ್ಕೆ ಹೊಲಿಯುವುದು ಕಸುಬು. ಕೂತವರ ತಲೆ ಕಮಾನಿಗೆ ತಾಗಿದರೆ ಹೊಲಿದವನ ಕೈ ಕತ್ತರಿಸಬೇಕು ಎಂದು ನನ್ನ ತಂದೆ ಹೇಳುತ್ತಿದ್ದರು.

ಎಡಗಡೆಯ ಗಂಟು ಯಾರ ತಲೆಯದು ಎಂದು ನಿನಗೂ ಗೊತ್ತು, ನನಗೂ ಗೊತ್ತು. ಅಳತೆ ತೆಗೆಯುವಾಗ ಇದ್ದ ಬುದ್ಧಿ ಹೋಟೆಲಿನ ಬೆಂಚು ನಕ್ಕ ಕೂಡಲೇ ಎಲ್ಲಿ ಹೋಯಿತು? ನಾಲ್ಕು ಜನ ಕಾಫಿ ಚೆಲ್ಲಿಕೊಂಡರೆ ಅಂಥ ತಲೆ ಬಗ್ಗಬೇಕೇನು? ನಾಚಿಕೆಯಾಗಬೇಕು ನಿನಗೆ.

ಹುಡ್ ಬಂದಿದೆ. ಕತ್ತರಿ ಹಾಕಿಲ್ಲ. ಇನ್ನೊಂದು ಸಲ ಯೋಚಿಸಿ ಬರೆ.

ಖಾಜಾ ಪೀರ್


ಗೌರಿಬಿದನೂರು
9-5-1959

ಖಾಜಾ ಪೀರ್ ಸಾಹೇಬರಿಗೆ,

ಯೋಚಿಸಿದ್ದೇನೆ. ಕತ್ತರಿಸಿ.

ಗಿಡ್ಡ ದಾರ, ಉದ್ದ ದಾರ ಎಂದು ಕಥೆ ಕಟ್ಟಬೇಡಿ. ಎರಡನ್ನೂ ನಾನು ನನ್ನ ತಲೆಗೇ ಹಿಡಿದೆ. ಮೊದಲು ಬಲಗಡೆ ಕೂತು ಗಂಟು ಹಾಕಿದೆ, ಆಮೇಲೆ ಎಡಗಡೆ ಕೂತು ಗಂಟು ಹಾಕಿದೆ. ಎರಡನ್ನೂ ಜೋಡಿಸಿ ನೋಡಿದೆ, ಗಂಟಿಗೆ ಗಂಟು ಸರಿಯಾಗಿತ್ತು. ನೀವು ಸುಳ್ಳು ಹೇಳುತ್ತಿದ್ದೀರಿ.

ದೊಡ್ಡವರಿಗೆ ಸಲಾಮು ಎಂದು ಯಾಕೆ ಕುಟುಕಿದಿರಿ ಎಂಬುದೂ ನನಗೆ ತಿಳಿಯುತ್ತದೆ. ನೀವು ನಮ್ಮ ತಂದೆಯ ಕಾಲದವರು, ಅವರ ಕಡೆಯವರು. ಹಾಗಾದರೆ ಇದನ್ನೂ ಕೇಳಿಕೊಳ್ಳಿ. ಎರಡು ವರ್ಷದ ಹಿಂದೆ ಈ ಕಾರಿನ ಚಾಸಿಗೆ ಬರಿಯ ಸೀಟು, ತಗಡಿನ ಸೂರು ಕೂರಿಸಿ ಊರಿಗೆ ತೆಗೆದುಕೊಂಡು ಹೋಗಿದ್ದೆ. ಅಪ್ಪನನ್ನು ಕೂರಿಸಿಕೊಂಡು ಒಂದು ಸುತ್ತು ಬರೋಣವೆಂದು ಆಸೆಯಿತ್ತು. ಅವರು ಜಗಲಿಯಿಂದ ಇಳಿಯಲಿಲ್ಲ. "ನಿನ್ ತಗಡಿನ ಡಬ್ಬಿಗೆ ತಲೆ ಬಗ್ಸಿ ಹತ್ತೋನಲ್ಲ ಕಣೋ ನಾನು. ಯಾರಿಗೂ ಬಗ್ಸಿಲ್ಲ, ನಿಂಗ್ ಬಗ್ಸ್ತೀನಾ?" ಅಂದರು, ಬೀದಿಯ ಜನರೆಲ್ಲ ನಿಂತಿದ್ದಾಗ. "ಹಂಗಾದ್ರೆ ಬದುಕಿರೋ ತನಕ ನಡ್ಕೊಂಡೇ ಓಡಾಡಿ" ಅಂದೆ. ಆ ತಗಡಿನ ಸೂರನ್ನು ಅವತ್ತೇ ಕಿತ್ತು ಬಿಸಾಡಿದೆ. ಅಂದಿನಿಂದ ನಮಗೆ ಮಾತಿಲ್ಲ. ಅಮ್ಮ ಅವರಿಗೆ ಹೇಳದೆ ಬಂದು ನೋಡಿ ಹೋಗುತ್ತಾಳೆ.

ಎಡಗಡೆ ಸೀಟು ಖಾಲಿಯಿರುತ್ತದೆ. ಯಾರು ಕೂರುತ್ತಾರೆ ಎಂದು ನೀವು ಕೇಳಿದ್ದಕ್ಕೆ ಇದು ಉತ್ತರ. ಈಗ ಕತ್ತರಿಸಿ ಕಳಿಸಿ.

ನರಸಿಂಹಪ್ಪ


ಶಿಡ್ಲಘಟ್ಟ
25-5-1959

ನರಸಿಂಹಪ್ಪನವರಿಗೆ,

ಹೇಳಿದಂತೆ ಆರು ಬೆರಳು ತೆಗೆದಿದ್ದೇನೆ. ಮೂರು ಕಮಾನಿನ ಕಾಲುಗಳನ್ನೂ ಕೊಯ್ಯಿಸಿದೆ. ಗುಂಡಿಗಳನ್ನು ಕಿತ್ತು ಹೊಸದಾಗಿ ಕೂರಿಸಿದೆ. ಕತ್ತರಿಸಿದ ಪಟ್ಟಿ ನನ್ನ ಹತ್ತಿರವೇ ಇದೆ.

ಇನ್ನೊಂದು ಮಾತು ಬರೆಯೋಣವೆಂದು ಕೂತಿದ್ದೆ. ಸುಳ್ಳುಗಾರ ಎಂದಿರಿ. ಸುಳ್ಳುಗಾರನ ಮಾತು ನಿಮಗೆ ಯಾಕೆ, ಬರೆಯುವುದಿಲ್ಲ.

ಖಾಜಾ ಪೀರ್


ಗೌರಿಬಿದನೂರು
1-7-1959

ಖಾಜಾ ಪೀರ್ ಸಾಹೇಬರೇ,

ನಿಮಗೆ ಗೊತ್ತಿತ್ತು. ಮೇ ತಿಂಗಳಲ್ಲೇ ಗೊತ್ತಿತ್ತು. ಕೊನೆಯ ಪತ್ರದಲ್ಲಿ ನುಂಗಿಕೊಂಡ ಮಾತು ಅದೇ ಅಲ್ಲವೇ? ಅದನ್ನು ಹೇಳದೆ ಕತ್ತರಿ ಹಾಕಿದಿರಿ. ನನ್ನ ಮೇಲಿನ ಸಿಟ್ಟಿಗೆ ಆ ಮನುಷ್ಯನ ಮರ್ಯಾದೆ ತೆಗೆದಿರಿ.

ಏನಾಯಿತೆಂದು ಬರೆಯುತ್ತೇನೆ, ಓದಿ ಸಂತೋಷಪಡಿ.

ಹೋದ ತಿಂಗಳು ಅಮ್ಮ ಯಾರ ಕೈಯಲ್ಲೋ ಕಾಗದ ಬರೆಸಿದ್ದಳು. ಅಪ್ಪನ ಎರಡು ಕಣ್ಣಿಗೂ ಪೊರೆ ಬಂದಿದೆ, ಚಿಕ್ಕಬಳ್ಳಾಪುರದ ಡಾಕ್ಟರಿಗೆ ತೋರಿಸಬೇಕು, ನೀನೇ ಕಾರು ತಾ, ಬರುತ್ತಾರೆ, ಹುಡ್ ಹಾಕಿಕೊಂಡೇ ಬಾ ಎಂದಿತ್ತು. ಪೊರೆ ಬಂದದ್ದು ನನಗೆ ಗೊತ್ತಿರಲಿಲ್ಲ. ಅವರಾಗಿ ಬರುತ್ತಾರೆ ಎಂದಿದ್ದನ್ನು ಮೂರು ಸಲ ಓದಿದೆ. ಭಾನುವಾರ ಬೆಳಿಗ್ಗೆಯೇ ಹೊರಟೆ. ಜಿನುಗು ಮಳೆಯಿತ್ತು.

ಅಪ್ಪ ಕರಿ ಕೋಟು ತೊಟ್ಟು, ಗಂಜಿ ಹಾಕಿದ ಬಿಳಿ ರುಮಾಲು ಕಟ್ಟಿ ಸಿದ್ಧರಾಗಿ ನಿಂತಿದ್ದರು. ಮಗನ ಕಾರಿನಲ್ಲಿ ಹೋಗುತ್ತೇನೆಂದು ಬೀದಿಗೆಲ್ಲ ಹೇಳಿದ್ದರಂತೆ. ಎಲ್ಲರೂ ಬಾಗಿಲಲ್ಲಿ ನಿಂತಿದ್ದರು. ಅಮ್ಮ ಕೈ ಹಿಡಿದು ಕರೆತಂದಳು. ಅವರಿಗೆ ಬೆಳಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ತಲೆ ನೆಟ್ಟಗಿಟ್ಟುಕೊಂಡು, ನಂಬಿಕೊಂಡು, ಒಂದು ಕಾಲು ಒಳಗಿಟ್ಟರು. ರುಮಾಲು ಮುಂದಿನ ಕಮಾನಿಗೆ ಬಡಿಯಿತು. ಓರೆಯಾಗಿ ಹಣೆಯ ಮೇಲೆ ಇಳಿಯಿತು. ಎರಡು ಕೈಯಿಂದಲೂ ಹಿಡಿದುಕೊಂಡರು.

ಆಮೇಲೆ ಒಂದು ಕೈ ಬಿಟ್ಟು ನಿಮ್ಮ ಚರ್ಮದ ಪಟ್ಟಿಯನ್ನು ಆ ತುದಿಯಿಂದ ಈ ತುದಿಯವರೆಗೆ ತಡವಿ ನೋಡಿದರು.

"ಏಮಿರಾ ಇದಿ, ಏನೋ ಇದು?" ಅಂದರು. ಸಿಟ್ಟು ಬಂದರೆ ಅವರಿಗೆ ಮೊದಲು ತೆಲುಗೇ ಬರುವುದು. ಆಮೇಲೆ ಅಮ್ಮನಿಗೆ, "ನನ್ ರುಮಾಲಿಗೆ ಅಳ್ತೆ ಕೊಟ್ಟು ಮಾಡ್ಸಿದಾನೆ ಅಂದ್ಯಲ್ಲೇ?"

ಅಮ್ಮ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ನನಗೆ ಒಂದೂ ಅರ್ಥವಾಗಲಿಲ್ಲ.

"ಎರಡು ವರ್ಷ ಕಾಯ್ಸಿ, ಬೀದಿ ಜನದ್ ಮುಂದೆ ತಲೆ ಬಗ್ಸೋಕೆ ಕರೆಸ್ದೇನಪ್ಪ?" ಅಂದರು ನನಗೆ. ಕೂಗಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು. ಗೋಡೆ ಹಿಡಿದುಕೊಂಡು ಒಬ್ಬರೇ ಒಳಗೆ ಹೋದರು. ಡಾಕ್ಟರಿಗೆ ತೋರಿಸುವುದು ಅಲ್ಲಿಗೇ ನಿಂತಿತು.

ಆಮೇಲೆ ಅಮ್ಮನನ್ನು ಹಿತ್ತಲಿಗೆ ಕರೆದು ಕೇಳಿದೆ. "ಬಸ್ಸಲ್ ಕೂತು ಗಂಟು ಬಿಚ್ದೆ. ಎಡ್ಗಡೆ ಚೀಟಿ ಯಾವ್ದು ಅಂತ ಕಂಡಕ್ಟರ್‌ನ ಕೇಳ್ದೆ. ಆರ್ ಬೆರಳು ಮೇಲಕ್ ಕಟ್ದೆ. ನಲ್ವತ್ ವರ್ಷ ರುಮಾಲಿಗೆ ಗಂಜಿ ಹಾಕಿ ಕೊಟ್ಟೋಳಿಗೆ ಅದು ಎಷ್ಟ್ ಎತ್ರ ಅಂತ ಗೊತ್ತಿರಲ್ವೇನೋ? ಇಬ್ರೂ ಕತ್ತೆಗಳು ನೀವು, ಇನ್ನೆಷ್ಟ್ ವರ್ಷ ನೋಡ್ಲಿ?" ಅಂದಳು. ನನಗೂ ಹೇಳಲಿಲ್ಲ, ನಿಮಗೂ ಹೇಳಲಿಲ್ಲ. ಹುಡ್ ನೋಡಿದರೆ ನಾನು ತಾನಾಗಿ ಅರ್ಥಮಾಡಿಕೊಳ್ಳುತ್ತೇನೆ ಎಂದುಕೊಂಡಿದ್ದಳಂತೆ.

ಅವಳು ಹೇಳಲಿಲ್ಲ, ಓದು ಬಾರದವಳು, ಹೆದರಿಕೊಂಡವಳು. ನಿಮಗೇನಾಗಿತ್ತು? ಒಂದು ಸಾಲು ಸಾಕಿತ್ತು. ಇದು ನಿನ್ನ ತಂದೆಯ ರುಮಾಲಿನ ಅಳತೆ ಎಂದು ಒಂದೇ ಒಂದು ಸಾಲು.

ಆ ಪಟ್ಟಿಯನ್ನು ಮತ್ತೆ ಜೋಡಿಸಿ ಹೊಲಿದು ಕೊಡಿ.

ನರಸಿಂಹಪ್ಪ


ಶಿಡ್ಲಘಟ್ಟ
8-7-1959

ನರಸಿಂಹಪ್ಪ,

ಹೌದು, ಗೊತ್ತಿತ್ತು. ಎರಡೂ ದಾರ ನನ್ನ ತಲೆಯದೇ ಎಂದು ನೀನು ಬರೆದ ಗಳಿಗೆಯಲ್ಲೇ ಗೊತ್ತಾಯಿತು. ನಿನ್ನ ತಾಯಿ ದಾರ ಕೊಡುವಾಗ ಎಡಗಡೆಯದನ್ನು ಮಾತ್ರ ಸೆರಗಿನ ಗಂಟಿನಿಂದ ಬಿಚ್ಚಿ ತೆಗೆದರು. ಅವತ್ತು ನನಗೆ ಅದು ವಿಶೇಷವೆನಿಸಲಿಲ್ಲ. ನಿನ್ನ ಪತ್ರ ಬಂದ ದಿನ ಎಲ್ಲವೂ ಹೊಳೆಯಿತು.

ಬರೆಯಬೇಕಿತ್ತು. ಬರೆಯಲೆಂದು ಕಾಗದ ತೆಗೆದೆ. ಸುಳ್ಳುಗಾರ ಎಂಬ ಮಾತು ಕಣ್ಣಿಗೆ ಬಿತ್ತು. ಈ ಅಂಗಡಿಯಲ್ಲಿ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಅನುಭವಿಸಲಿ ಎಂದುಕೊಂಡೆ. ನೀನು ಅನುಭವಿಸುತ್ತೀಯ ಎಂದುಕೊಂಡೆ, ಅವರು ಅನುಭವಿಸುತ್ತಾರೆ ಎಂದು ಹೊಳೆಯಲಿಲ್ಲ. ನಿನ್ನ ಪತ್ರವನ್ನು ನನ್ನ ಹೆಂಡತಿ ವಜೀರುನ್ನೀಸಾಗೆ ಓದಿ ಹೇಳಿದೆ. ಅವಳು ಎರಡು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಅದು ನನಗೆ ಸರಿಯಾದ ಶಿಕ್ಷೆ.

ಆದರೆ ನೀನು ಸಾಚಾ ಎಂದುಕೊಳ್ಳಬೇಡ. ಅಳತೆ ತಪ್ಪಿದೆಯೆಂದು ನೀನು ಬರೆದಾಗ ನಾನು ಕರೆದೆ. ಬಂದು ದಾರ ನೋಡು ಎಂದೆ. ಬಸ್ಸಿನಲ್ಲಿ ಅರ್ಧ ದಿನದ ದಾರಿ, ನೀನು ಬರಲಿಲ್ಲ. ಬಂದಿದ್ದರೆ ಗಂಟು ನೋಡಿ ನೀನೇ ತಿಳಿದುಕೊಳ್ಳುತ್ತಿದ್ದೆ. ಎಂಜಿನ್ನಿನ ಒಂದು ತಿರುಪು ಸಡಿಲವಾದರೆ ಊಟ ಬಿಟ್ಟು ಹುಡುಕುವವನು ನೀನು. ಎರಡು ವರ್ಷದಲ್ಲಿ ಅಪ್ಪನ ಕಣ್ಣು ಹೋಗಿದ್ದು ನಿನಗೆ ಗೊತ್ತಿಲ್ಲ.

ಪಟ್ಟಿ ಜೋಡಿಸುವುದಿಲ್ಲ. ಜೋಡಿಸಿದರೆ ಹೊಲಿಗೆಯಲ್ಲಿ ನೀರು ಇಳಿಯುತ್ತದೆ, ಸರಿಯಾಗಿ ಅವರ ರುಮಾಲಿನ ಮೇಲೆ. ಹೊಸದೇ ಮಾಡಬೇಕು, ಮಾಡುತ್ತೇನೆ. ಅಲ್ಲಿಯವರೆಗೆ ಕಣ್ಣು ಕಾಯುವುದಿಲ್ಲ. ಹುಡ್ಡನ್ನು ಮಡಿಸಿ ಹಿಂದಕ್ಕೆ ಹಾಕಿ ಅವರನ್ನು ಕರೆದುಕೊಂಡು ಹೋಗು. ಮೇಲೆ ಆಕಾಶವಿರುತ್ತದೆ. ಅದಕ್ಕೆ ತಾಗುವ ರುಮಾಲನ್ನು ನಾನು ಇದುವರೆಗೆ ಕಂಡಿಲ್ಲ. ಇಷ್ಟು ಬುದ್ಧಿ ನಿನಗೇ ಬರಬೇಕಿತ್ತು.

ದಾರಿಯಲ್ಲಿ ನನ್ನ ಅಂಗಡಿಯ ಮುಂದೆ ನಿಲ್ಲಿಸು. ಅವರ ಕಾಲು ಮುಟ್ಟಿ ತಪ್ಪಾಯಿತು ಎನ್ನಬೇಕು.

ಖಾಜಾ ಪೀರ್


ಗೌರಿಬಿದನೂರು
7-8-1959

ಖಾಜಾ ಪೀರ್ ಸಾಹೇಬರಿಗೆ,

ನಿನ್ನೆ ಗುರುವಾರ ಬೆಳಿಗ್ಗೆ ನಿಮ್ಮ ಅಂಗಡಿಯ ಮುಂದೆಯೇ ಹಾದುಹೋದೆ. ನೀವು ಹೊಸ್ತಿಲಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಿರಿ. ನಾನು ನಿಲ್ಲಿಸಲಿಲ್ಲ. ನೀವು ಎದ್ದು ಕೈಯೆತ್ತಿದ್ದೂ ಕಂಡಿತು. ಯಾಕೆ ನಿಲ್ಲಿಸಲಿಲ್ಲವೆಂದು ಬರೆಯುತ್ತೇನೆ. ಇದನ್ನು ಓದಿ ಯಾರಿಗೂ ಹೇಳಬೇಡಿ.

ಒಂದು ತಿಂಗಳು ಅಪ್ಪ ಜಗ್ಗಲಿಲ್ಲ. ಕೊನೆಗೆ ಅಮ್ಮ ಊಟ ಬಿಟ್ಟಳು. ಹುಡ್ ಮಡಿಸಿಟ್ಟು ತೆಗೆದುಕೊಂಡು ಹೋದೆ. ಮೇಲಕ್ಕೆ ಎರಡು ಸಲ ಕೈ ಆಡಿಸಿ ನೋಡಿ, ಏನೂ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಹತ್ತಿದರು. ಊರು ದಾಟುವವರೆಗೆ ನೆಟ್ಟಗೆ ಕೂತಿದ್ದರು. ದಾಟಿದ ಮೇಲೂ ಹಾಗೇ ಕೂತಿದ್ದರು. ಗಾಳಿಗೆ ರುಮಾಲು ಹಾರದಂತೆ ಒಂದು ಕೈ ಮೇಲೆ, ಒಂದು ಕೈ ಬಾಗಿಲ ಮೇಲೆ. ನನಗೆ ಮತ್ತೆ ಸಿಟ್ಟು ಬರುತ್ತಿತ್ತು. ಕಾರು ಚೆನ್ನಾಗಿ ಓಡುತ್ತದೆ ಎಂದು ಒಂದು ಮಾತು ಹೇಳಿದರೆ ಇವರ ಗಂಟೇನು ಹೋಗುತ್ತಿತ್ತು?

ದಿಬ್ಬೂರಹಳ್ಳಿ ದಾಟಿದ ಮೇಲೆ ಮಳೆ ಸುರಿಯಿತು. ನಾನು ನಿಲ್ಲಿಸಿ ಹುಡ್ಡಿಗೆ ಕೈ ಹಾಕಿದೆ. "ಮುಟ್ಬೇಡ ಅದನ್ನ" ಅಂದರು. ಆಯಿತು, ನೆನೆಯಿರಿ ಎಂದು ಹೊರಟೆ. ಒಂದು ಮೈಲಿ ಹೋಗಿರಲಿಲ್ಲ, ಬಾನೆಟ್ಟಿನ ಸಂದಿಯಿಂದ ನೀರಿಳಿದು ಇಂಜಿನ್ ನಿಂತಿತು. ಆ ಸಂದಿ ನಾನು ಬಡಿದದ್ದೇ, ಬೇರೆ ಯಾರನ್ನೂ ಬೈಯುವಂತಿಲ್ಲ. ವೈರುಗಳಿಗೆ ನೀರು ಹತ್ತಿತ್ತು. ಒರೆಸಿದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಒರೆಸಲು ಒಂದು ಒಣ ಬಟ್ಟೆಯಿಲ್ಲ. ನನ್ನ ಅಂಗಿ, ಟವಲು, ಸೀಟಿನ ಕೆಳಗಿನ ಚಿಂದಿ ಎಲ್ಲ ತೊಟ್ಟಿಕ್ಕುತ್ತಿದ್ದವು. ರಸ್ತೆಯಲ್ಲಿ ನಿಂತು ಕಾರಿಗೆ ಒದ್ದೆ. ಬಾಯಿಗೆ ಬಂದದ್ದೆಲ್ಲ ಬೈದೆ.

"ಏನಾಯ್ತೋ?" ಅಂದರು.

"ಒರ್ಸೋಕೆ ಒಣ ಬಟ್ಟೆ ಬೇಕು."

"ರಸ್ತೇಲಿ ಯಾರಾದ್ರೂ ಅವರಾ?" ಎಂದು ಕೇಳಿದರು.

"ಯಾರೂ ಇಲ್ಲ."

"ಸರ್ಯಾಗ್ ನೋಡ್ ಹೇಳು."

"ಯಾರೂ ಇಲ್ಲಪ್ಪ."

ರುಮಾಲಿಗೆ ಕೈ ಹಾಕಿ ಸುತ್ತು ಬಿಚ್ಚತೊಡಗಿದರು. ನಾನು ಬೇಡ ಎಂದೆ. "ಮೇಲಿನ್ ಸುತ್ತು ನೆಂದೈತೆ, ಒಳ್ಗಿನ್ದು ಒಣ್ಗೈತೆ. ತಗೋ, ಒರ್ಸು. ನಿನ್ ಡಬ್ಬಿ ನಡು ರಸ್ತೇಲಿ ನಿಂತ್ರೆ ನನ್ ಮರ್ಯಾದೆ ಏನಾಗ್ಬೇಕು?" ಅಂದರು. ಒಳಗಿನ ಸುತ್ತು ನಿಜಕ್ಕೂ ಒಣಗಿತ್ತು. ಬೆಚ್ಚಗಿತ್ತು. ಅದರಿಂದ ಒಂದೊಂದೇ ವೈರು ಒರೆಸಿದೆ. ಎಲ್ಲ ಎಣ್ಣೆಯಾಯಿತು.

ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಆಮೇಲೆ ಅವರೇ, "ಹುಡ್ ಎಳಿ" ಅಂದರು. ಎಳೆದೆ. ಅವರ ಬರಿ ತಲೆ ನೆನೆಯಬಾರದೆಂಬ ಅವಸರದಲ್ಲಿ ಹುಡ್ಡಿನ ಎಡಗಡೆ ಬೆಲ್ಟು ಕಟ್ಟದೆ ಬಿಟ್ಟೆ. ಒಳಗೆ ಕೂತು ನೋಡಿದರೆ ಹುಡ್ ಅವರ ಬರಿ ತಲೆಯ ಮೇಲೆ ಒಂದು ಬೆರಳು ಬಿಟ್ಟು ನಿಂತಿತ್ತು. ನನ್ನ ತಲೆಯ ಮೇಲೂ ಒಂದೇ ಬೆರಳು. ನಾವಿಬ್ಬರೂ ಕೂತರೆ ಒಂದೇ ಎತ್ತರ. ಇಪ್ಪತ್ತೊಂಬತ್ತು ವರ್ಷ ಅವರ ಮಗನಾಗಿದ್ದು ನನಗೆ ಇದು ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು. ಅದಕ್ಕೇ ನನ್ನ ಗಂಟಿನ ಮೇಲೆ ಬರಿಯ ರುಮಾಲಿನಷ್ಟನ್ನೇ ಸೇರಿಸಿದ್ದಳು.

ಅವರ ಕೂದಲೆಲ್ಲ ನೆರೆತಿದೆ. ತಾತ ತೀರಿಕೊಂಡ ದಿನ ಬಿಟ್ಟರೆ ಹಗಲಲ್ಲಿ ಆ ತಲೆಯನ್ನು ನಾನು ಕಂಡಿರಲಿಲ್ಲ.

ಶಿಡ್ಲಘಟ್ಟಕ್ಕೆ ಬಂದಾಗ, "ಸಾಬ್ರ ಅಂಗ್ಡಿ ಬಂತಾ?" ಎಂದು ಕೇಳಿದರು. ನೀವು ಕಾಲು ಮುಟ್ಟಬೇಕು ಎಂದಿದ್ದನ್ನು ಅವರಿಗೆ ಹೇಳಿದ್ದೆ. ಬಂತು ಎಂದೆ. ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡರು. "ನಿಲ್ಲಿಸ್ಬೇಡ ಕಣಪ್ಪ, ಓಡ್ಸು" ಅಂದರು. ನಾನು ಓಡಿಸಿದೆ. ತಗ್ಗಿನ ಹುಡ್ ಆದ್ದರಿಂದ ಹೊರಗಿನವರಿಗೆ ಅವರ ಮುಖ ಕಾಣಲಿಲ್ಲ. ನಾನು ಹಟ ಮಾಡಿ ಕತ್ತರಿ ಹಾಕಿಸಿದ್ದು ಆ ಒಂದು ಉಪಯೋಗಕ್ಕೆ ಬಂತು.

ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ ಒಂದು ಟವಲು ಕೊಂಡು ಸುತ್ತಿಕೊಂಡ ಮೇಲೆಯೇ ಕೆಳಗಿಳಿದರು. ಅಕ್ಟೋಬರಿನಲ್ಲಿ ಒಂದು ಕಣ್ಣಿಗೆ ಆಪರೇಷನ್ ಮಾಡೋಣ, ನೋಟ ಬರುತ್ತದೆ ಎಂದು ಡಾಕ್ಟರು ಹೇಳಿದರು.

ಅವರಿಗೆ ನೋಟ ಬಂದು ಈ ಕಾರನ್ನು ಮೊದಲ ಸಲ ನೋಡುವಾಗ ಅದರ ಮೇಲೆ ಎತ್ತರದ ಹುಡ್ ಇರಬೇಕು. ಮಂಚೇನಹಳ್ಳಿ ಪೂರ್ತಿ ನಗಲಿ. ಅಳತೆಗೆ ಏನು ಕಳಿಸಲಿ, ಬರೆಯಿರಿ. ಹಳೆಯ ದಾರ ನೀವು ಸಿಟ್ಟಿನಲ್ಲಿ ಎಸೆದಿರುತ್ತೀರಿ.

ನಿಮ್ಮನ್ನು ಸುಳ್ಳುಗಾರ ಎಂದಿದ್ದೆ. ತಪ್ಪಾಯಿತು.

ನರಸಿಂಹಪ್ಪ


ಶಿಡ್ಲಘಟ್ಟ
10-8-1959

ನರಸಿಂಹಪ್ಪ,

ಗುರುವಾರ ನೀನು ನಿಲ್ಲಿಸದೆ ಹೋದಾಗ ಬೀದಿಯಲ್ಲಿ ನಿಂತು ಬೈದೆ. ಜೋರಾಗಿಯೇ ಬೈದೆ. ಇವತ್ತು ನಿನ್ನ ಪತ್ರ ಬಂತು. ಬೈದದ್ದರಲ್ಲಿ ಅರ್ಧ ವಾಪಸು ತೆಗೆದುಕೊಂಡಿದ್ದೇನೆ. ಉಳಿದರ್ಧ ಎಡಗಡೆ ಬೆಲ್ಟು ಕಟ್ಟದೆ ಓಡಿಸಿದ್ದಕ್ಕೆ, ಅದು ಹಾಗೇ ಇರಲಿ. ನನ್ನ ಕ್ಯಾನ್ವಾಸು ಪಟಪಟ ಬಡಿದುಕೊಳ್ಳುತ್ತಿತ್ತು.

ಒಳಗೆ ಯಾರಿದ್ದರೋ ನನಗೆ ಕಾಣಲಿಲ್ಲ. ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ. ದೊಡ್ಡವರಿಗೂ ಅದನ್ನೇ ಹೇಳು.

ಅಳತೆ ಕಳಿಸಬೇಡ. ನಿನ್ನ ತಾಯಿ ಗಂಟು ಹಾಕಿದ ದಾರ ಮೊಳೆಯ ಮೇಲೆಯೇ ಇದೆ. ಸಿಟ್ಟಿನಲ್ಲಿ ಹುಡ್ ಕತ್ತರಿಸಿದೆ, ಆ ದಾರದ ಮೇಲೆ ಕತ್ತರಿ ಇಡಲು ಕೈ ಬರಲಿಲ್ಲ.

ಈ ಸಲ ಆ ಗಂಟಿಗಿಂತ ಒಂದು ಬೆರಳು ಎತ್ತರವಾಗಿ ಹೊಲಿಯುತ್ತೇನೆ. ಹಳೆಯ ರುಮಾಲು ಎಣ್ಣೆಯಾಯಿತು ಎಂದೆಯಲ್ಲ. ಹೊಸ ರುಮಾಲು ಗಂಜಿ ಹಾಕಿದರೆ ಸ್ವಲ್ಪ ಎತ್ತರ ನಿಲ್ಲುತ್ತದೆ.

ಖಾಜಾ ಪೀರ್